ಇಷ್ಟು ದೊಡ್ಡ ಸಸ್ಯೋದ್ಯಾನವನ್ನು ನೋಡುವುದು ಹೇಗೆ? ಬೋರ್ಡ್ ಓದಬೇಕಾ, ಸುಮ್ನೆ ಸುತ್ತಬೇಕಾ?

ಸಂಜೆಮಲ್ಲಿಗೆ:
ಹೋದ ತಿಂಗಳು ಮನೆಮಂದಿಯೆಲ್ಲ ಒಂದು ದೊಡ್ಡ ಸಸ್ಯೋದ್ಯಾನಕ್ಕೆ ಹೋಗಿದ್ದೆವು. ಯಾವುದು ಅಂತ ಬೇಡ, ಜಾಗ ಚೆನ್ನಾಗಿಯೇ ಇತ್ತು. ತಾಳೆ ಮರಗಳ ಗಾಜಿನ ಮನೆ, ಮರುಭೂಮಿ ಗಿಡಗಳ ಮನೆ, ಆರ್ಕಿಡ್ ಮನೆ, ನೈದಿಲೆ ಕೊಳ, ಬೀಜಗಳ ಪ್ರದರ್ಶನ, ಗುಂಡಿ ಒತ್ತಿದರೆ ಮಾತಾಡುವ ಮರ. ಒಂದೊಂದು ಗಿಡದ ಮುಂದೂ ಒಂದೊಂದು ಬೋರ್ಡು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕಾಲೂ ಸೋತಿತ್ತು. ಸಣ್ಣವನು ರಚ್ಚೆ ಹಿಡಿದಿದ್ದ. ದೊಡ್ಡವಳು "ಎಲ್ಲ ಎಲೆ ಒಂದೇ ಥರ ಇದೆ" ಅಂತ ಫೋನಿಗೆ ಕೈ ಚಾಚಿದಳು.

ಫೋಟೋಗಳನ್ನು ನೋಡಿದರೆ ಅರ್ಧಕ್ಕರ್ಧ ಬೋರ್ಡಿನವೇ. ಆಮೇಲೆ ಓದೋಣ ಅಂತ ತೆಗೆದದ್ದು. ಯಾರು ಓದುತ್ತಾರೆ ಹೇಳಿ? ನೂರಾರು ಎಕರೆ ಜಾಗ, ಸಾವಿರಾರು ಜಾತಿ ಗಿಡ. ಸಾಮಾನ್ಯ ಜನ ಇದನ್ನೆಲ್ಲ ಹೇಗೆ ನೋಡಬೇಕು? ಬೋರ್ಡ್ ಓದುತ್ತಾ ಹೋಗಬೇಕಾ, ಇಲ್ಲ ಸುಮ್ನೆ ಸುತ್ತಿ ಬರಬೇಕಾ? ಅನುಭವ ಇದ್ದವರು ಹೇಳಿ.

ಗುಬ್ಬಿಗೂಡು:
ಬೋರ್ಡ್ ಬಿಡಿ, ಮರ ನೋಡಿ. ಮುಗೀತು.

ಮೂರನೇಬೆಂಚು:
ಹಾಗಿದ್ದರೆ ಪಾರ್ಕಿಗೇ ಹೋಗಬಹುದಲ್ಲ? ಸಸ್ಯೋದ್ಯಾನವನ್ನು ಪಾರ್ಕಿನಿಂದ ಬೇರೆ ಮಾಡುವುದೇ ಆ ಬೋರ್ಡು, ಮತ್ತು ಅದರ ಹಿಂದೆ ಇರುವ ದಾಖಲೆ. ಇಟಲಿಯ ಪಾದುವಾದಲ್ಲಿ 1545ರಲ್ಲಿ ತೋಟ ಮಾಡಿದ್ದೇ ವೈದ್ಯ ಕಲಿಯುವವರು ಅಸಲಿ ಔಷಧಿ ಗಿಡ ಯಾವುದು, ನಕಲಿ ಯಾವುದು ಅಂತ ಗುರುತಿಸಲಿ ಅಂತ. ಪಾಠಶಾಲೆಯಾಗಿ ಹುಟ್ಟಿದ ಜಾಗ ಅದು. ಅಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಗಿಡ ಇವತ್ತಿಗೂ ಬದುಕಿದೆ. ಜರ್ಮನ್ ಕವಿ ಗಯಟೆ 1786ರಲ್ಲಿ ಅದರ ಮುಂದೆ ನಿಂತು ಎಲೆಗಳ ಆಕಾರ ಬುಡದಿಂದ ತುದಿಗೆ ಹೇಗೆ ಬದಲಾಗುತ್ತದೆ ಅಂತ ನೋಡಿದ. ನಾಲ್ಕು ವರ್ಷ ಬಿಟ್ಟು ಸಸ್ಯಗಳ ರೂಪದ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ಗುಬ್ಬಿಗೂಡು:
ನೋಡಿ, ಅವನೂ ಬೋರ್ಡ್ ಓದಲಿಲ್ಲ. ಎಲೆ ನೋಡಿದ.

ಮೂರನೇಬೆಂಚು:
ಅವನು ಗಯಟೆ ಸ್ವಾಮಿ.

ಗುಬ್ಬಿಗೂಡು:
ಮತ್ತೆ ಅವನ ಜೊತೆ ರಚ್ಚೆ ಹಿಡಿದ ಮಗು ಇರಲಿಲ್ಲ.

ಎಲೆಮರೆ:
ನಾನು ಒಂದು ತೋಟದಲ್ಲಿ ಬಿಡುವಿದ್ದಾಗ ಜನರಿಗೆ ಗಿಡ ತೋರಿಸುವ ಕೆಲಸ ಮಾಡುತ್ತೇನೆ. ಸಂಬಳ ಇಲ್ಲ, ಇಷ್ಟಕ್ಕೆ ಮಾಡುವುದು. ಸಂಜೆಮಲ್ಲಿಗೆಯವರ ಕಥೆ ದಿನಾ ಕಣ್ಣೆದುರು ನಡೆಯುತ್ತದೆ. ಜನ ನಕ್ಷೆ ಹಿಡಿದು ಒಂದನೇ ನಂಬರಿನಿಂದ ಶುರು ಮಾಡುತ್ತಾರೆ. ಆರನೇ ನಂಬರಿಗೆ ಬರುವಾಗ ಮುಖ ಬಾಡಿರುತ್ತದೆ.

ನನ್ನ ಮಾತು ಕೇಳುವುದಾದರೆ, ಪೂರ್ತಿ ತೋಟ ನೋಡುವ ಆಸೆಯನ್ನು ಬಾಗಿಲಲ್ಲೇ ಬಿಡಿ. ಎರಡು ಜಾಗ ಆರಿಸಿ, ಸಾಕು. ಒಂದು ಗಾಜಿನ ಮನೆ, ಒಂದು ಬಯಲು. ಟಿಕೆಟ್ ಕೊಡುವವರ ಹತ್ತಿರ "ಇವತ್ತು ಯಾವುದು ಹೂ ಬಿಟ್ಟಿದೆ?" ಅಂತ ಕೇಳಿ. ಈ ಪ್ರಶ್ನೆ ಕೇಳುವವರು ತುಂಬಾ ಕಡಿಮೆ. ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಕೆಲವೊಮ್ಮೆ ತೋಟದ ಕೆಲಸದವರನ್ನೇ ಕರೆದು ಕೇಳಿ ಹೇಳುತ್ತಾರೆ. ವರ್ಷಕ್ಕೊಮ್ಮೆ ಅರಳುವ ಗಿಡ ಅವತ್ತೇ ಅರಳಿರಬಹುದು, ನೀವು ಅದರ ಪಕ್ಕದ ದಾರಿಯಲ್ಲೇ ಹೋಗಿರುತ್ತೀರಿ.

ಇನ್ನು ಬೋರ್ಡಿನ ವಿಷಯ. ದೊಡ್ಡ ಬಣ್ಣದ ಬೋರ್ಡ್ ಎಲ್ಲರಿಗೂ ಕಾಣುತ್ತದೆ. ಗಿಡದ ಬುಡದಲ್ಲೋ ಕೊಂಬೆಯಲ್ಲೋ ಒಂದು ಸಣ್ಣ ಲೋಹದ ಅಥವಾ ಕಪ್ಪು ಪಟ್ಟಿ ಇರುತ್ತದೆ, ಅದನ್ನು ನೋಡಿ. ಸಾಮಾನ್ಯವಾಗಿ ವೈಜ್ಞಾನಿಕ ಹೆಸರು, ಕುಟುಂಬ, ಮೂಲ ದೇಶ, ಜೊತೆಗೆ ಒಂದು ನಂಬರ್. ಆ ನಂಬರೇ ಗಿಡದ ಜಾತಕ. ತುಂಬಾ ತೋಟಗಳಲ್ಲಿ ಮೊದಲ ನಾಲ್ಕು ಅಂಕಿ ಗಿಡ ತೋಟಕ್ಕೆ ಬಂದ ವರ್ಷ. 1987 ಅಂತ ಶುರುವಾದರೆ ಆ ವರ್ಷ ಬೀಜವಾಗಿಯೋ ಸಸಿಯಾಗಿಯೋ ಬಂದಿದೆ ಅಂತ. ಮಕ್ಕಳಿಗೆ "ನಿಮ್ಮಪ್ಪ ಹುಟ್ಟಿದ ವರ್ಷದ ಗಿಡ ಹುಡುಕು" ಅನ್ನಿ. ಒಂದು ಗಂಟೆ ನಿಮ್ಮ ತಂಟೆಗೆ ಬರಲ್ಲ.

ಕಪ್ಪೆಚಿಪ್ಪು:
ಈ ನಂಬರ್ ವಿಷಯ ಯಾರೂ ಹೇಳಿರಲಿಲ್ಲ! ನಾನು ಅದು ತೋಟದವರ ಲೆಕ್ಕ ಅಂದುಕೊಂಡಿದ್ದೆ. ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತಲ್ಲ, ಅದೇನು?

ಎಲೆಮರೆ:
ತೋಟದಿಂದ ತೋಟಕ್ಕೆ ಬದಲಾಗುತ್ತದೆ. ಒಂದೇ ನಂಬರಿನಲ್ಲಿ ಬಂದ ಐದಾರು ಸಸಿಗಳಿಗೆ ಎ, ಬಿ, ಸಿ ಅಂತ ಹಾಕುವುದುಂಟು. ಕೆಲವು ಕಡೆ ಮೂಲ ತೋರಿಸುವ ಅಕ್ಷರ. ಡಬ್ಲ್ಯೂ ಅಂದರೆ ಕಾಡಿನಿಂದ ನೇರವಾಗಿ ತಂದದ್ದು, ಝಡ್ ಅಂದರೆ ಕಾಡಿನ ಗಿಡದ ಸಂತಾನ, ಜಿ ಅಂದರೆ ತೋಟದಲ್ಲೇ ಬೆಳೆದು ಬಂದದ್ದು. ಸಂಶೋಧಕರಿಗೆ ಡಬ್ಲ್ಯೂ ಇದ್ದರೆ ಬೆಲೆ ಜಾಸ್ತಿ, ಯಾಕಂದ್ರೆ ಎಲ್ಲಿಂದ ತಂದದ್ದು ಅಂತ ದಾಖಲೆ ಇರುತ್ತದೆ.

ಹಾದಿಹೋಕ:
ಹಳೆಯ ಗಿಡ ಅಂದ ಕೂಡಲೇ ಲಂಡನ್ನಿನ ಕ್ಯೂ ತೋಟದ ತಾಳೆ ಮನೆ ನೆನಪಾಯಿತು. ಅಲ್ಲೊಂದು ಸೈಕಾಡ್ ಕುಂಡದಲ್ಲಿದೆ, ನೋಡಲು ತಾಳೆಯಂತಿದ್ದರೂ ತಾಳೆ ಅಲ್ಲದ ಗಿಡ. 1775ರಲ್ಲಿ ಫ್ರಾನ್ಸಿಸ್ ಮ್ಯಾಸನ್ ಅನ್ನುವವನು ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ತಂದದ್ದು. ಆ ಗಾಜಿನ ಮನೆ ಕಟ್ಟಿದ್ದೇ 1844ರಿಂದ 1848ರ ನಡುವೆ. ಅಂದರೆ ಮನೆಗಿಂತ ಗಿಡವೇ ಹಿರಿಯ. ಓರೆಯಾಗಿ ಬೆಳೆದು ಊರುಗೋಲಿಗೆ ಆನಿಸಿಕೊಂಡಿದೆ. ಜನ ಅದರ ಪಕ್ಕ ನಿಂತು ತಾಳೆ ಮರದ ಜೊತೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ದೊಡ್ಡಆಲದಮರ:
ಅದೇ ಗಿಡಕ್ಕೆ ಅಲ್ವಾ ಜೋಡಿ ಸಿಗದೆ ಒಂಟಿಯಾಗಿ ಉಳಿದದ್ದು? ಓದಿದ ನೆನಪು.

ಹಾದಿಹೋಕ:
ಅಲ್ಲ, ಅದು ಅದರ ದಾಯಾದಿ, ಎನ್ಸೆಫಲಾರ್ಟಸ್ ವುಡಿಯೈ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಿನಲ್ಲಿ ಒಂದೇ ಒಂದು ಗುಂಪು ಸಿಕ್ಕಿತು, ಅದೂ ಗಂಡು. ಸೈಕಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಇವತ್ತಿನವರೆಗೂ ಸಿಕ್ಕಿಲ್ಲ. ಲೋಕದ ತೋಟಗಳಲ್ಲಿ ಇರುವ ವುಡಿಯೈ ಗಿಡಗಳೆಲ್ಲ ಆ ಒಂದರ ಬುಡದಿಂದ ಬಿಡಿಸಿದ ಮರಿಗಳು. ಕಾಡಿನಲ್ಲಿ ಈಗ ಒಂದೂ ಇಲ್ಲ.

ಸಂಜೆಮಲ್ಲಿಗೆ:
ಇದು ಕೇಳಿ ಮನಸ್ಸು ಹೇಗೋ ಆಯಿತು. ಇಂಥದ್ದನ್ನು ಬೋರ್ಡಿನಲ್ಲಿ ಬರೆದರೆ ಯಾಕೆ ಓದಲ್ಲ? ನಾನು ನೋಡಿದ ಬೋರ್ಡಲ್ಲಿ "ಈ ಸಸ್ಯವು ಉಷ್ಣವಲಯದ ವಿಶಿಷ್ಟ ಪ್ರಭೇದವಾಗಿದ್ದು" ಅಂತ ಶುರುವಾಗಿ ಅಲ್ಲೇ ಮುಗಿದಿತ್ತು.

ಗುಬ್ಬಿಗೂಡು:
ಅದನ್ನೇ ನಾನು ಮೊದಲಿಂದ ಬಡಕೊಳ್ತಿರೋದು.

ಗಣಿತಮೇಷ್ಟ್ರು:
ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವವನು ನಾನು. ಬೋರ್ಡ್ ನಕಲು ಮಾಡಿಸುವ ಶಿಕ್ಷಕರನ್ನು ನೋಡಿದರೆ ಮೈ ಉರಿಯುತ್ತದೆ. ಮಕ್ಕಳು ಗಿಡಕ್ಕೆ ಬೆನ್ನು ಹಾಕಿ ನಿಂತು ಬರೆಯುತ್ತಿರುತ್ತಾರೆ.

ನಾನು ಒಂದು ಗುಂಪಿಗೆ ಒಂದೇ ಗಿಡ ಕೊಡುತ್ತೇನೆ. ಇಪ್ಪತ್ತು ನಿಮಿಷ ಅಲ್ಲೇ ಕೂತು ಚಿತ್ರ ಬರೆಯಬೇಕು, ಬೋರ್ಡ್ ನೋಡುವಂತಿಲ್ಲ. ಆಮೇಲೆ ಬೋರ್ಡ್ ಓದಲಿ. ಅಷ್ಟು ಹೊತ್ತಿಗೆ ಅವರ ಹತ್ತಿರ ಹತ್ತು ಪ್ರಶ್ನೆ ಇರುತ್ತವೆ. ಒಮ್ಮೆ ಒಬ್ಬ ಹುಡುಗ ಕೋಕೋ ಗಿಡದ ಮುಂದೆ ಕೂತಿದ್ದ. "ಸಾರ್, ಹೂ ಕೊಂಬೆ ಬಿಟ್ಟು ಕಾಂಡಕ್ಕೇ ಅಂಟಿಕೊಂಡಿದೆ, ಯಾರೋ ಚುಚ್ಚಿಟ್ಟಿದ್ದಾರಾ?" ಅಂದ. ಉಗುರಿನಷ್ಟು ಹೂ, ಒರಟು ತೊಗಟೆಯ ಮೇಲೆ ನೇರವಾಗಿ. ಅದಕ್ಕೆ ಪರಾಗ ಮುಟ್ಟಿಸುವುದು ಸೊಳ್ಳೆಗಿಂತ ಸಣ್ಣ ನೊಣ. ಆ ಪ್ರಶ್ನೆ ಬಂದ ಮೇಲೆ ಬೋರ್ಡನ್ನು ಅವನೇ ಓದಿದ, ನಾನು ಹೇಳಬೇಕಾಗಲಿಲ್ಲ.

ಕಪ್ಪೆಚಿಪ್ಪು:
ಕನ್ನಡಕ ಹಾಕುವವರಿಗೆ ಒಂದು ಸಣ್ಣ ಮಾತು. ಬಿಸಿ, ತೇವ ಇರುವ ಗಾಜಿನ ಮನೆಗೆ ಕಾಲಿಟ್ಟ ಕೂಡಲೇ ಕನ್ನಡಕ, ಕ್ಯಾಮೆರಾ ಎರಡೂ ಮಂಜಾಗುತ್ತವೆ. ಒರೆಸಬೇಡಿ, ಮತ್ತೆ ಮಂಜಾಗುತ್ತದೆ. ಹತ್ತು ನಿಮಿಷ ಕಾದರೆ ಲೆನ್ಸ್ ಬಿಸಿಯಾಗಿ ತಾನೇ ತಿಳಿಯಾಗುತ್ತದೆ. ಹೊರಗೆ ಬಿಸಿಲು, ಒಳಗೆ ತಂಪು ಇರುವ ಮನೆಯಾದರೆ ಉಲ್ಟಾ, ಹೊರಗೆ ಬಂದಾಗ ಮಂಜಾಗುತ್ತದೆ.

ನೀಲಿಛತ್ರಿ:
ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮಧ್ಯಾಹ್ನ ಆ ಬಿಸಿ ಮನೆಗೆ ಹೋಗಲೇಬೇಡಿ. ನಮ್ಮ ಅತ್ತೆಗೆ ತಲೆ ಸುತ್ತು ಬಂತು. ಬೆಳಿಗ್ಗೆಯೇ ಮುಗಿಸಿ. ಗಾಲಿ ಕುರ್ಚಿ ಎಷ್ಟೋ ಕಡೆ ಬಾಗಿಲಲ್ಲೇ ಸಿಗುತ್ತದೆ, ಕೇಳಲು ಸಂಕೋಚ ಬೇಡ. ಮೊದಲೇ ಫೋನ್ ಮಾಡಿ ತಿಳಿದುಕೊಂಡರೆ ಇನ್ನೂ ಒಳ್ಳೆಯದು, ಕೆಲವು ಹಳೆಯ ಗಾಜಿನ ಮನೆಗಳಲ್ಲಿ ಮೇಲಿನ ಅಟ್ಟಕ್ಕೆ ಸುರುಳಿ ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇಲ್ಲ.

ಚಿಗುರು_88:
ಮಕ್ಕಳಿಗೆ ನೇರವಾಗಿ ಕೀಟ ತಿನ್ನುವ ಗಿಡಗಳ ಹತ್ತಿರ ಕರೆದುಕೊಂಡು ಹೋಗಿ. ವೀನಸ್ ಫ್ಲೈಟ್ರಾಪ್ ಬಾಯಿಗೆ ಕಡ್ಡಿ ಹಾಕಿದರೆ ಟಪ್ ಅಂತ ಮುಚ್ಚಿಕೊಳ್ಳುತ್ತೆ. ನಮ್ಮ ಮಗಳಂತೂ ಅಲ್ಲಿಂದ ಏಳಲೇ ಇಲ್ಲ.

ಎಲೆಮರೆ:
ದಯವಿಟ್ಟು ಕಡ್ಡಿ ಹಾಕಬೇಡಿ. ಒಂದು ಬಾಯಿ ಕೆಲವೇ ಸಲ ಮುಚ್ಚಿ ತೆರೆಯಬಲ್ಲದು, ಆಮೇಲೆ ಕಪ್ಪಾಗಿ ಒಣಗುತ್ತದೆ. ರಜಾ ದಿನ ಸಂಜೆ ಬಂದು ನೋಡಿ, ಇಡೀ ಕುಂಡ ಬಾಯಿ ಮುಚ್ಚಿಕೊಂಡಿರುತ್ತದೆ, ಒಳಗೆ ಒಂದು ನೊಣವೂ ಇಲ್ಲ. ಮುಚ್ಚಲು ಶಕ್ತಿ ಖರ್ಚು, ಊಟ ಇಲ್ಲ.

ಮುಟ್ಟದೆಯೂ ನೋಡಲು ಬೇಕಾದಷ್ಟಿದೆ. ಬಾಯಿಯ ಒಳಗಡೆ ಎರಡೂ ಕಡೆ ಕೂದಲಿನಂಥ ಎಳೆಗಳಿವೆ, ಸಾಮಾನ್ಯವಾಗಿ ಮೂರು ಮೂರು. ಒಂದು ಸಲ ಮುಟ್ಟಿದರೆ ಗಿಡ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಎರಡನೇ ಸಲ ತಗುಲಿದರೆ ಮಾತ್ರ ಮುಚ್ಚುತ್ತದೆ. ಮಳೆ ಹನಿಗೋ ಕಸಕ್ಕೋ ಮೋಸ ಹೋಗದಿರಲು ಈ ಲೆಕ್ಕ. ಒಳಗಿನ ಹುಳ ಒದ್ದಾಡುತ್ತಾ ಇನ್ನಷ್ಟು ಸಲ ಮುಟ್ಟಿದ ಮೇಲೆಯೇ ಜೀರ್ಣರಸ ಬಿಡುವುದು.

ಚಿಗುರು_88:
ಒಂದು ಸಲ ಮುಟ್ಟಿದ್ದಕ್ಕೆ ಇಷ್ಟೊಂದು ಬೈಗುಳ. ಅಲ್ಲಿ "ಮುಟ್ಟಬೇಡಿ" ಅಂತ ಬೋರ್ಡ್ ಇರಲಿಲ್ಲ.

ಮೂರನೇಬೆಂಚು:
ಇದ್ದಿದ್ದರೆ ಗುಬ್ಬಿಗೂಡು ಅವರು ಓದಬೇಡಿ ಅಂತಿದ್ದರು.

ಗುಬ್ಬಿಗೂಡು:
😀 ಈ ಸಲ ಬಿಟ್ಟಿದ್ದೀನಿ.

ಗಣಿತಮೇಷ್ಟ್ರು:
ಮುಟ್ಟಲೇಬೇಕು ಅನ್ನುವ ಮಕ್ಕಳಿಗೆ ಮುಟ್ಟಿದರೆ ಮುನಿ ಇದೆ. ಅದು ಕಳೆ ಥರ ಬೆಳೆಯುತ್ತದೆ. ಎಷ್ಟೋ ತೋಟಗಳಲ್ಲಿ ಮುಟ್ಟಿ, ಮೂಸಿ ನೋಡಲಿ ಅಂತಲೇ ಬೇರೆ ಮಡಿ ಮಾಡಿರುತ್ತಾರೆ. ಕಣ್ಣು ಕಾಣದವರಿಗಾಗಿ ಶುರುವಾದ ಮಡಿಗಳು ಅವು, ಮಕ್ಕಳೂ ಅಲ್ಲೇ ಮುತ್ತಿಕೊಳ್ಳುತ್ತಾರೆ.

ಹಾದಿಹೋಕ:
ನೈದಿಲೆ ಕೊಳ ಇದ್ದರೆ ಬಿಡಬೇಡಿ. ಅಮೆಜಾನಿನ ದೈತ್ಯ ನೈದಿಲೆ, ವಿಕ್ಟೋರಿಯಾ. ಎಲೆ ಎರಡೂವರೆ ಮೀಟರ್ ಅಗಲಕ್ಕೂ ಮೀರಿ ಬೆಳೆಯುತ್ತದೆ. ಎಲ್ಲರೂ ಮೇಲಿಂದ ನೋಡಿ ಹೋಗುತ್ತಾರೆ, ವಿಷಯ ಇರುವುದು ಕೆಳಗೆ. ಕೆಲವು ಕಡೆ ಒಂದು ಎಲೆಯನ್ನು ಮಗುಚಿ ಇಟ್ಟಿರುತ್ತಾರೆ. ದಪ್ಪ ನರಗಳು ನಡುವಿನಿಂದ ಅಂಚಿಗೆ ಹರಡಿ, ಅಡ್ಡ ನರಗಳು ಅವನ್ನು ಹೆಣೆದು, ಮೇಲೆಲ್ಲ ಉದ್ದುದ್ದ ಮುಳ್ಳು. 1849ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಇದನ್ನು ಹೂ ಬಿಡಿಸಿದ, ತನ್ನ ಪುಟ್ಟ ಮಗಳನ್ನು ಎಲೆಯ ಮೇಲೆ ನಿಲ್ಲಿಸಿದ. ಎರಡು ವರ್ಷದಲ್ಲಿ ಅವನು ವಿನ್ಯಾಸ ಮಾಡಿದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ಈ ಎಲೆಯ ನರಗಳೇ ತನಗೆ ದಾರಿ ತೋರಿಸಿದವು ಅಂತ ಅವನೇ ಹೇಳಿಕೊಂಡಿದ್ದ.

ಹೂ ಇನ್ನೂ ಮಜಾ. ಮೊದಲ ರಾತ್ರಿ ಬಿಳಿ, ಆಗ ಅದು ಹೆಣ್ಣು. ವಾಸನೆ, ಬಿಸಿ ಎರಡನ್ನೂ ಬಿಟ್ಟು ಜೀರುಂಡೆಗಳನ್ನು ಕರೆಯುತ್ತದೆ. ಬೆಳಗಾಗುವಾಗ ಅವುಗಳನ್ನು ಒಳಗಿಟ್ಟು ಮುಚ್ಚಿಕೊಳ್ಳುತ್ತದೆ. ಎರಡನೇ ಸಂಜೆ ತೆರೆಯುವಾಗ ಗುಲಾಬಿ ಬಣ್ಣ, ಈಗ ಗಂಡು. ಪರಾಗ ಮೆತ್ತಿಕೊಂಡ ಜೀರುಂಡೆ ಇನ್ನೊಂದು ಬಿಳಿ ಹೂ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಮಧ್ಯಾಹ್ನ ಹೋದವರಿಗೆ ಮುಚ್ಚಿದ ಮೊಗ್ಗೇ ಗತಿ. ಸಂಜೆ ಹೋಗಿ.

ದೊಡ್ಡಆಲದಮರ:
ಈ ನೈದಿಲೆಯಲ್ಲಿ ಎರಡೇ ಜಾತಿ ಅಲ್ವಾ?

ಹಾದಿಹೋಕ:
2022ರವರೆಗೆ ಎರಡು ಅಂತಿತ್ತು. ಈಗ ಮೂರು, ಬೊಲಿವಿಯಾನಾ ಸೇರಿ. ತಮಾಷೆ ಏನಂದ್ರೆ ಅದರ ಒಣಗಿಸಿದ ಮಾದರಿ ಕ್ಯೂ ತೋಟದ ಸಂಗ್ರಹದಲ್ಲಿ 177 ವರ್ಷ ಬೇರೆ ಜಾತಿಯ ಹೆಸರಿನಲ್ಲಿ ಬಿದ್ದಿತ್ತು. ಮೂರರಲ್ಲಿ ಅದರ ಎಲೆಯೇ ಅತಿ ದೊಡ್ಡದು, ಮೂರು ಮೀಟರ್ ದಾಟುತ್ತದೆ.

ಗುಬ್ಬಿಗೂಡು:
177 ವರ್ಷ ತಪ್ಪು ಬೋರ್ಡ್! ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೀತೀನಿ.

ಮೂರನೇಬೆಂಚು:
ತಪ್ಪು ಅಂತ ಗೊತ್ತಾದದ್ದು ಹೇಗೆ? ಮಾದರಿ, ಚೀಟಿ ಇಟ್ಟುಕೊಂಡಿದ್ದರಿಂದ ತಾನೆ. ಚೀಟಿ ಇಲ್ಲದಿದ್ದರೆ ಹೋಲಿಸಿ ನೋಡುವುದು ಯಾವುದರ ಜೊತೆ? ತೋಟ ಅಂದರೆ ಬರೀ ಹೂವಿನ ಮಡಿ ಅಂತ ತಿಳಿಯಬೇಡಿ. ಗೊತ್ತಿರುವ ಸಸ್ಯ ಜಾತಿಗಳಲ್ಲಿ ಸುಮಾರು 30% ಲೋಕದ ಯಾವುದಾದರೂ ಒಂದು ಸಸ್ಯೋದ್ಯಾನದಲ್ಲಿ ಬೆಳೆಯುತ್ತಿವೆ.

ಬೇರುಬಿಳಲು:
ಎಲ್ಲರೂ ಹಳೇ ತೋಟಗಳನ್ನು ಹೊಗಳುತ್ತಿದ್ದೀರಿ. ಆ ಗಿಡಗಳು ಅಲ್ಲಿಗೆ ಬಂದದ್ದು ಹೇಗೆ ಅಂತ ಯಾವ ಬೋರ್ಡಾದರೂ ಹೇಳುತ್ತದಾ? 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತದ್ದು 3,000ಕ್ಕೂ ಕಡಿಮೆ. ಅಷ್ಟೇ ಸಾಕಾಯಿತು. ಅಲ್ಲಿಂದ ಸಿಲೋನ್, ಸಿಂಗಾಪುರ, ಮಲಯ. ಕೆಲವೇ ದಶಕಗಳಲ್ಲಿ ಬ್ರೆಜಿಲ್‌ನ ರಬ್ಬರ್ ವ್ಯಾಪಾರ ನೆಲ ಕಚ್ಚಿತು. ಗಾಜಿನ ಮನೆಗಳು ಸಾಮ್ರಾಜ್ಯದ ಗೋದಾಮುಗಳೂ ಆಗಿದ್ದವು. ಚಂದದ ಬೋರ್ಡ್ ಹಾಕಿ ಅದನ್ನು ಮರೆಸಬಾರದು.

ದೊಡ್ಡಆಲದಮರ:
ಕಳ್ಳತನ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು. ಬೀಜ ಹೊರಗೆ ಕಳಿಸಬಾರದು ಅಂತ ಆಗ ಬ್ರೆಜಿಲ್‌ನಲ್ಲಿ ಕಾನೂನು ಇರಲಿಲ್ಲ.

ಬೇರುಬಿಳಲು:
ಕಳ್ಳತನ ಅಂತ ನಾನು ಬರೆದೇ ಇಲ್ಲ, ಮೇಲೆ ಹೋಗಿ ಓದಿ. ಕಾನೂನು ಇಲ್ಲ ಅಂದ ಮಾತ್ರಕ್ಕೆ ಸರಿ ಅಂತಲೂ ಆಗಲ್ಲ. ಈಗ ಬೇರೆ ದೇಶದ ಗಿಡ ತರುವ ತೋಟಗಳು ಆ ದೇಶದ ಒಪ್ಪಿಗೆ ಪಡೆಯಬೇಕು, ಲಾಭ ಹಂಚಿಕೊಳ್ಳಬೇಕು ಅಂತ ನಗೋಯಾ ಒಪ್ಪಂದ ಇದೆ, 2014ರಿಂದ ಜಾರಿಯಲ್ಲಿದೆ. ಅದೇನು ಸುಮ್ನೆ ಬಂತಾ?

ಇನ್ನೊಂದು ಹೇಳುತ್ತೇನೆ. ವೆನಿಲ್ಲಾ ಬಳ್ಳಿ ಮೆಕ್ಸಿಕೋದಿಂದ ಯುರೋಪಿನ ತೋಟಗಳಿಗೆ ಬಂತು, ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಹೊಲದಲ್ಲಿ ಸಲೀಸಾಗಿ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸುವ ಉಪಾಯ ಕಂಡುಹಿಡಿದವನು 12 ವರ್ಷದ ಹುಡುಗ. ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಹೂವಿನೊಳಗೆ ಗಂಡು ಹೆಣ್ಣು ಭಾಗಗಳ ನಡುವೆ ಒಂದು ತೆಳು ಪೊರೆ ಅಡ್ಡ ಇರುತ್ತದೆ. ಕಡ್ಡಿಯಿಂದ ಅದನ್ನು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿದ. ಇವತ್ತಿಗೂ ಲೋಕದ ವೆನಿಲ್ಲಾ ಬಹುಪಾಲು ಹಾಗೆ ಕೈಯಿಂದಲೇ ಆಗುವುದು. ಅವನು ಬಡತನದಲ್ಲೇ ಸತ್ತ.

ಸಂಜೆಮಲ್ಲಿಗೆ:
ನಮ್ಮ ದೊಡ್ಡವಳಿಗೂ ಹನ್ನೆರಡೇ. ಇದನ್ನು ಓದಿ ಹೇಳಿದೆ. ಫೋನ್ ಕೆಳಗಿಟ್ಟು "ಅವನಿಗೆ ದುಡ್ಡು ಯಾಕೆ ಕೊಡಲಿಲ್ಲ?" ಅಂತ ಜಗಳಕ್ಕೇ ನಿಂತಳು.

ನೀಲಿಛತ್ರಿ:
ಕ್ಯೂಆರ್ ಕೋಡ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಈಗ ಎಲ್ಲ ಕಡೆ ಅದೇ. ಸ್ಕ್ಯಾನ್ ಮಾಡಿ ಕಿವಿಗೆ ಹಾಕಿಕೊಂಡರೆ ಕಥೆ ಹೇಳುತ್ತೆ. ಬೋರ್ಡಿಗಿಂತ ವಾಸಿ ಅಲ್ವಾ?

ಗಣಿತಮೇಷ್ಟ್ರು:
ದೊಡ್ಡವರಿಗೆ ವಾಸಿ. ಮಕ್ಕಳ ಕೈಗೆ ಫೋನ್ ಕೊಟ್ಟರೆ ಮರದ ಕಥೆ ಎರಡು ನಿಮಿಷ, ಆಮೇಲೆ ಆಟ.

ಕಪ್ಪೆಚಿಪ್ಪು:
ಗಾಜಿನ ಮನೆಯೊಳಗೆ ಸಿಗ್ನಲ್ಲೂ ಸಿಗಲ್ಲ.

ಮಳೆಬಿಲ್ಲು:
ಲಾಲ್‌ಬಾಗ್ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ?

ಮೂರನೇಬೆಂಚು:
ಅದಕ್ಕೆ ಬೇರೆ ಚರ್ಚೆ ನಡೀತಿದೆ, ಅಲ್ಲಿ ಈಗಾಗಲೇ ಯುದ್ಧ. ಇಲ್ಲಿಗೆ ತರಬೇಡಿ.

ಕಲ್ಲುಹೂವು:
ನನಗೆ ಮರುಭೂಮಿ ಮನೆಯೇ ಇಷ್ಟ. ಜನ ಕಡಿಮೆ, ಸೆಕೆ ಇಲ್ಲ. ಒಳಗೆ ಹೋದ ಕೂಡಲೇ ಎಲ್ಲರೂ "ಕ್ಯಾಕ್ಟಸ್, ಕ್ಯಾಕ್ಟಸ್" ಅಂತಾರೆ. ಅರ್ಧ ಗಿಡಗಳು ಕ್ಯಾಕ್ಟಸ್ ಆಗಿರುವುದೇ ಇಲ್ಲ, ಆಫ್ರಿಕಾದ ಯುಫೋರ್ಬಿಯಾ. ಹತ್ತಿರ ಹೋಗಿ ಮುಳ್ಳು ಎಲ್ಲಿಂದ ಹುಟ್ಟಿದೆ ನೋಡಿ. ಕ್ಯಾಕ್ಟಸ್ ಆದರೆ ಮೆತ್ತನೆಯ ಸಣ್ಣ ಗುಬುಟು ಇರುತ್ತದೆ, ಅದರಿಂದ ಮುಳ್ಳಿನ ಗೊಂಚಲು ಎದ್ದಿರುತ್ತದೆ. ಯುಫೋರ್ಬಿಯಾದಲ್ಲಿ ಆ ಗುಬುಟು ಇಲ್ಲ, ಎಷ್ಟೋ ಸಲ ಮುಳ್ಳು ಜೋಡಿ ಜೋಡಿಯಾಗಿರುತ್ತದೆ. ಕ್ಯಾಕ್ಟಸ್ ಅಮೆರಿಕ ಖಂಡದ್ದು, ಇದು ಆಫ್ರಿಕಾದ್ದು. ಸಂಬಂಧವೇ ಇಲ್ಲ. ನೀರಿನ ಕಷ್ಟ ಒಂದೇ ಆದ್ದರಿಂದ ಆಕಾರವೂ ಒಂದೇ ಆಯಿತು.

ಮತ್ತೆ ವೆಲ್ವಿಚಿಯಾ ಇದ್ದರೆ ಹುಡುಕಿ. ನಮೀಬ್ ಮರುಭೂಮಿಯದ್ದು. ನೋಡಲು ಯಾರೋ ಹರಿದು ಬಿಸಾಡಿದ ಬಟ್ಟೆ ರಾಶಿ. ಜನ್ಮಕ್ಕೆ ಎರಡೇ ಎಲೆ. ಅವೇ ಬುಡದಿಂದ ಬೆಳೆಯುತ್ತಾ ಹೋಗುತ್ತವೆ, ತುದಿ ಗಾಳಿಗೆ ಸೀಳಿ ನೂರು ಎಲೆಯ ಥರ ಕಾಣುತ್ತದೆ. ಸಾವಿರ ವರ್ಷ ದಾಟಿದ ಗಿಡಗಳಿವೆ. ನಮ್ಮ ಗುಂಪಿನವರೊಬ್ಬರು ಅದರ ಮುಂದೆ ನಿಂತು "ಇದಕ್ಕೆ ನೀರು ಹಾಕೋದು ಮರೆತಿದ್ದಾರೆ" ಅಂದರು.

ಚಿಗುರು_88:
ಯುಫೋರ್ಬಿಯಾ ಮುರಿದರೆ ಹಾಲು ಬರುತ್ತಲ್ಲ, ಅದರಿಂದಲೂ ಗುರುತಿಸಬಹುದು.

ಕಲ್ಲುಹೂವು:
ಬರುತ್ತೆ. ಕಣ್ಣಿಗೆ ಬಿದ್ದರೆ ಆಸ್ಪತ್ರೆಗೂ ಹೋಗಬೇಕಾಗುತ್ತೆ. ನಿಮ್ಮ ಕೈ ಸುಮ್ಮನಿರಲ್ಲ ಅಂತ ಕಾಣುತ್ತೆ.

ಅರಳಿಕಟ್ಟೆ:
ವಾಸನೆ ಹೂವಿನ ಬಗ್ಗೆ ಹೇಳಿ ಯಾರಾದರೂ. ಹೆಣದ ಹೂ ಅಂತಾರಲ್ಲ. ನೋಡಲು ಕ್ಯೂ ನಿಲ್ಲುವುದಕ್ಕೆ ಅಷ್ಟು ಬೆಲೆ ಇದೆಯಾ?

ಎಲೆಮರೆ:
ಟೈಟನ್ ಆರಮ್. ಸುಮಾತ್ರಾದ ಕಾಡಿನದು. ತೋಟದಲ್ಲಿ ಮೊದಲು ಅರಳಿದ್ದು 1889ರಲ್ಲಿ, ಲಂಡನ್ನಿನ ಕ್ಯೂ ತೋಟದಲ್ಲಿ. ಬೀಜದಿಂದ ಮೊದಲ ಹೂವಿಗೆ ಎಷ್ಟೋ ವರ್ಷ, ಹೆಚ್ಚಾಗಿ ಏಳರಿಂದ ಹತ್ತು. ಅರಳಿದರೆ ಎರಡು ಮೂರು ದಿನ, ಕುಸಿದು ಬೀಳುತ್ತದೆ. ಮೊದಲ ರಾತ್ರಿ ನಡುವಿನ ಕಂಬ ನಮ್ಮ ಮೈ ಬಿಸಿಯಷ್ಟು ಬಿಸಿಯಾಗುತ್ತದೆ, ವಾಸನೆಯನ್ನು ದೂರ ಕಳಿಸಲು.

ಬೆಲೆ ಇದೆಯಾ ಅಂದರೆ, ನೀವು ಹೋಗುವ ಹೊತ್ತಿನ ಮೇಲೆ. ಸುದ್ದಿ ಓದಿ ಮರುದಿನ ಮಧ್ಯಾಹ್ನ ಹೋದವರಿಗೆ ವಾಸನೆ ಹೆಚ್ಚು ಸಿಗಲ್ಲ. ಅವರು "ಇಷ್ಟೇನಾ" ಅಂತ ಬೈದುಕೊಂಡು ಹೋಗುತ್ತಾರೆ. ಮೊದಲ ರಾತ್ರಿ ಬಾಗಿಲು ತೆರೆದಿಟ್ಟರೆ ಹೋಗಿ. ಸತ್ತ ಇಲಿ, ಕೊಳೆತ ಮೀನು, ಒದ್ದೆ ಸಾಕ್ಸ್ ಮೂರೂ ಒಟ್ಟಿಗೆ. ನನಗೆ ಎರಡು ನಿಮಿಷದ ಮೇಲೆ ನಿಲ್ಲಲಾಗಲಿಲ್ಲ. ಮಕ್ಕಳು ಮೂಗು ಮುಚ್ಚಿಕೊಂಡು ಮತ್ತೆ ಮತ್ತೆ ಒಳಗೆ ಓಡುತ್ತಿದ್ದರು.

ಅರಳಿಕಟ್ಟೆ:
ಒದ್ದೆ ಸಾಕ್ಸ್ ನಮ್ಮ ಮನೆಯಲ್ಲೇ ಇದೆ. ಕ್ಯೂ ಉಳಿಯಿತು.

ದೊಡ್ಡಆಲದಮರ:
ಹೊಸ ಕಾಲದ ತೋಟಗಳ ಬಗ್ಗೆ ಏನಂತೀರಿ? ಸಿಂಗಾಪುರದ ಗಾರ್ಡನ್ಸ್ ಬೈ ದ ಬೇ, 2012ರಲ್ಲಿ ತೆರೆದದ್ದು. 25ರಿಂದ 50 ಮೀಟರ್ ಎತ್ತರದ ಕಬ್ಬಿಣ-ಕಾಂಕ್ರೀಟಿನ ಮರಗಳು, ಗಾಜಿನ ಮನೆಯೊಳಗೆ 35 ಮೀಟರ್ ಜಲಪಾತ. ನನಗೆ ಗಿಡಕ್ಕಿಂತ ಬೆಳಕಿನ ಆಟವೇ ನೆನಪಿದೆ.

ಮೂರನೇಬೆಂಚು:
ಅದು ಮನರಂಜನೆ. ಅದೇ ಊರಿನ ಹಳೇ ಬೊಟಾನಿಕ್ ಗಾರ್ಡನ್ಸ್ 1859ರದ್ದು, 2015ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮರ ಸಾಯದ ಹಾಗೆ ರಬ್ಬರ್ ಹಾಲು ಇಳಿಸುವ ವಿಧಾನವನ್ನು ಆ ತೋಟದ ಮುಖ್ಯಸ್ಥನಾಗಿದ್ದ ರಿಡ್ಲಿ ರೂಪಿಸಿದ್ದು ಅಲ್ಲೇ. ಮೊದಲು ಅಲ್ಲಿಗೆ ಹೋಗಿ.

ಬೇರುಬಿಳಲು:
ಮತ್ತೆ ರಬ್ಬರ್!

ನೀಲಿಛತ್ರಿ:
ಮನರಂಜನೆ ಅಂದರೆ ಕೀಳು ಅಂತ ಯಾಕೆ? ಮೋಡದ ಕಾಡಿನ, ಅಂದರೆ ಮೋಡ ಮುಸುಕುವ ಎತ್ತರದ ಬೆಟ್ಟಗಳ ಗಿಡಗಳು ತಂಪಲ್ಲಿ ಮಾತ್ರ ಬದುಕುತ್ತವೆ ಅಂತ ನನಗೆ ಗೊತ್ತಾದದ್ದೇ ಆ ಜಲಪಾತದ ಪಕ್ಕ ನಿಂತು. ಎತ್ತರದಿಂದ ಸುತ್ತಿ ಇಳಿಯುತ್ತಾ ಬಂದರೆ ಒಂದೊಂದು ಮಟ್ಟದಲ್ಲಿ ಒಂದೊಂದು ಗಿಡ. ಬೋರ್ಡ್ ಓದಿ ಇದು ತಲೆಗೆ ಹೋಗುತ್ತಿರಲಿಲ್ಲ. ಇಂಗ್ಲೆಂಡಿನ ಈಡನ್ ಪ್ರಾಜೆಕ್ಟನ್ನೇ ನೋಡಿ, 2001ರಲ್ಲಿ ತೆರೆದದ್ದು. ಪಿಂಗಾಣಿ ಮಣ್ಣು ತೆಗೆದು ಬಿಟ್ಟ ಗುಂಡಿಯಲ್ಲಿ ಗುಮ್ಮಟ ಕಟ್ಟಿ ಮಳೆಕಾಡು ಬೆಳೆಸಿದ್ದಾರೆ. ಗಾಜು ಹಾಕಿಲ್ಲ, ಗಾಳಿ ತುಂಬಿದ ತೆಳು ಪ್ಲಾಸ್ಟಿಕ್ ಹಾಳೆ. ಹಾಳು ಗುಂಡಿಯಲ್ಲಿ ಕಾಡು ಬರಬಹುದು ಅಂತ ಕಣ್ಣಾರೆ ನೋಡುವುದೂ ಪಾಠ ತಾನೆ?

ಗಣಿತಮೇಷ್ಟ್ರು:
ನೀಲಿಛತ್ರಿಗೆ ನನ್ನ ಮತ. ಕಾಲಲ್ಲಿ ನಡೆದು ಕಲಿತದ್ದು ಉಳಿಯುತ್ತದೆ.

ಮೂರನೇಬೆಂಚು:
ಸರಿ, ಜಲಪಾತಕ್ಕೆ ರಿಯಾಯಿತಿ. ಕಬ್ಬಿಣದ ಮರಕ್ಕೆ ಇಲ್ಲ.

ಸಂಜೆಮಲ್ಲಿಗೆ:
ಮುಂದಿನ ಸಲ ನೈದಿಲೆ ಕೊಳ ಮತ್ತು ಮರುಭೂಮಿ ಮನೆ, ಅಷ್ಟೇ ಅಂತ ಮನೆಯಲ್ಲಿ ಘೋಷಣೆ ಆಗಿದೆ. ಇನ್ನೊಂದು ಪ್ರಶ್ನೆ. ಕೆಳಗೆ ಬಿದ್ದಿರುವ ಬೀಜ, ಕಾಯಿ ಎತ್ತಿಕೊಂಡು ಬರಬಹುದಾ? ಸಣ್ಣವನ ಜೇಬಲ್ಲಿ ಯಾವಾಗಲೂ ಏನಾದರೂ ಇರುತ್ತದೆ.

ಚಿಗುರು_88:
ಬಿದ್ದದ್ದು ತಾನೆ, ಎತ್ತಿಕೊಳ್ಳಿ. ಯಾರಿಗೂ ನಷ್ಟ ಇಲ್ಲ.

ಎಲೆಮರೆ:
ಬೇಡ. ಅಪರೂಪದ ಗಿಡಗಳ ಬೀಜ ಬೀಳುವುದನ್ನೇ ಕಾದು ಎತ್ತಿಡುವ ಕೆಲಸ ಒಳಗೆ ನಡೆಯುತ್ತಿರುತ್ತದೆ, ನಿಮಗೆ ಕಸ ಅನ್ನಿಸಿದ್ದು ಆ ವರ್ಷದ ಒಂದೇ ಕಾಯಿ ಇರಬಹುದು. ಬೀಜದ ಜೊತೆ ಹುಳ, ರೋಗ ಬರುವುದೂ ಉಂಟು. ಬೇರೆ ದೇಶದ ತೋಟ ಆದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಎಲ್ಲೆಂದರಲ್ಲಿ ಉದುರುವ ಸಾಮಾನ್ಯ ಎಲೆ ಆದರೆ ಅಲ್ಲಿನ ಕೆಲಸದವರನ್ನು ಕೇಳಿ, ನಾನಂತೂ ಮಕ್ಕಳಿಗೆ ಕೊಟ್ಟೇ ಕಳಿಸುತ್ತೇನೆ.

ಕಲ್ಲುಹೂವು:
ಹೊರಡುವಾಗ ಜೇಬು ನೋಡಿಬಿಡಿ. ಒಮ್ಮೆ ನಮ್ಮ ಅಳಿಯನ ಜೇಬಲ್ಲಿ ಕಾಯಿ ಜೊತೆ ಆ ಸಣ್ಣ ಲೋಹದ ಪಟ್ಟಿಯೂ ಇತ್ತು.

ಎಲೆಮರೆ:
ಅಯ್ಯೋ. ವಾಪಸ್ ಕೊಟ್ಟಿರಾ?

ಕಲ್ಲುಹೂವು:
ಕೊಟ್ಟೆವು. ಯಾವ ಗಿಡದ್ದು ಅಂತ ಕೇಳಿದರು, ಅವನು "ಹಸಿರು ಇತ್ತಲ್ಲ, ಅದು" ಅಂದ.